ಮಾಯ್ದ ಮೊಣಕಾಲು, ಮಾಯದ ಅಂಜಿಕೆ

ಬಳ್ಳಾರಿಯಿಂದ ಹೊಸಪೇಟೆ ಕಡೆಗೆ ಹೊರಟರೆ ದಾರಿಯಲ್ಲಿ ತೋರಣಗಲ್ಲು ಸಿಗುತ್ತದೆ. ಅಲ್ಲಿನ ಉಕ್ಕಿನ ಕಾರ್ಖಾನೆಯ ಟೌನ್‌ಶಿಪ್ ವಿಜಯನಗರದಲ್ಲಿ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಎಂಬ ತರಬೇತಿ ಕೇಂದ್ರ ಶುರುವಾಯಿತು. ಜಾವೆಲಿನ್ ಎಸೆತಗಾರ ನೀರಜ್ ಚೋಪ್ರಾ 2019ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ಬಲ ಮೊಣಕೈಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೇಲೆ ಚೇತರಿಸಿಕೊಂಡದ್ದು ಇಲ್ಲಿಯೇ. ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್ ಕೈತಪ್ಪಿತು. 2020ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಮತ್ತೆ ಕಣಕ್ಕಿಳಿದು 87.86 ಮೀಟರ್ ಎಸೆದು ಟೋಕಿಯೊ ಒಲಿಂಪಿಕ್ಸ್‌ಗೆ ಅರ್ಹತೆ ಗಳಿಸಿದರು. 2021ರ ಆಗಸ್ಟ್ 7ರಂದು ಒಲಿಂಪಿಕ್ ಚಿನ್ನ ಅವರದಾಯಿತು.

ಮನಸ್ಸು ಗಟ್ಟಿಯಿತ್ತು, ಗೆದ್ದ ಎಂದು ಜನ ಮಾತು ಮುಗಿಸುತ್ತಾರೆ. ಎಡವುವುದು ಇಲ್ಲೇ.

ಆಟಗಾರ ತನ್ನ ಕಸುವು, ಒತ್ತಡ, ನೋವುಗಳನ್ನು ಏನೆಂದು ತಿಳಿಯುತ್ತಾನೆ, ಗಮನವನ್ನು ಎಲ್ಲಿಡುತ್ತಾನೆ ಎಂಬುದೇ ಮನೋಭಾವ. ಅದಕ್ಕೂ ಎದೆಗಾರಿಕೆಗೂ ಸಂಬಂಧ ಕಡಿಮೆ. ಹೆಚ್ಚು ಒತ್ತಡದಲ್ಲಿರುವ ಆಟಗಾರನ ಸ್ನಾಯುಗಳು ಬಿಗಿಯುತ್ತವೆ, ನೋಟದ ಹರವು ಕಿರಿದಾಗುತ್ತದೆ, ಹಾಗಾಗಿ ಗಾಯದ ಸಂಭವವೂ ಏರುತ್ತದೆ ಎಂಬ ವಿವರಣೆಯನ್ನು ಆಂಡರ್ಸೆನ್ ಮತ್ತು ವಿಲಿಯಮ್ಸ್ 1988ರಲ್ಲೇ ಮುಂದಿಟ್ಟಿದ್ದರು.

ನಿಜವಾಗಿ ನಿಧಾನವಾಗಿ ನೋಡಬೇಕಾದದ್ದು ಗಾಯವಾದ ನಂತರದ ಕಾಲವನ್ನು. ಕುರುಗೋಡಿನ ಮಣ್ಣಿನ ಅಂಕಣದಲ್ಲಿ ರೈಡ್‌ಗೆ ಹೋದ ಕಬಡ್ಡಿ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಪಾದ ನೆಲಕ್ಕೆ ಕಚ್ಚಿಕೊಂಡಿರುವಾಗಲೇ ಮೈ ತಿರುಗುತ್ತದೆ, ಮೊಣಕಾಲೊಳಗಿನ ಎಸಿಎಲ್ ಎಂಬ ಲಿಗಮೆಂಟ್ ಹರಿಯುತ್ತದೆ. ಆಪರೇಷನ್ ಆಗಿ, ಫಿಸಿಯೋ ಹೇಳಿಕೊಟ್ಟ ವ್ಯಾಯಾಮಗಳೂ ಮುಗಿದು, ಡಾಕ್ಟರು ಕಾಲು ಸರಿಯಾಗಿದೆ ಎನ್ನುತ್ತಾರೆ. ಹುಡುಗ ಮಾತ್ರ ಆ ಕಾಲಿನ ಮೇಲೆ ತಿರುಗಲೊಲ್ಲ. ಅಂಗಾಲಿಗೆ ಜಾಲಿಮುಳ್ಳು ಹೊಕ್ಕವನು ಮುಳ್ಳು ತೆಗೆದ ಮೇಲೂ ಕೆಲದಿನ ಹಿಮ್ಮಡಿ ಊರಿಯೇ ನಡೆಯುವಂತೆ, ಇವನ ಮಿದುಳು ಇನ್ನೂ ಕಾವಲು ಕಾಯುತ್ತಿರುತ್ತದೆ. ತೊಡೆಯ ಸ್ನಾಯುಗಳನ್ನು ಮೊದಲೇ ಬಿಗಿಹಿಡಿಸುತ್ತದೆ, ಭಾರವನ್ನು ಇನ್ನೊಂದು ಕಾಲಿಗೆ ದಾಟಿಸುತ್ತದೆ. ಬಿಗಿದ ಕಾಲು ತಡವಾಗಿ ತಿರುಗುತ್ತದೆ. ಬಳಸದ ಕಾಲು ಬಡವಾಗುತ್ತದೆ. ಹೀಗೆ ಅಂಜಿಕೆಯೇ ಅಂಜಿಕೆಗೆ ಕಾರಣ ಒದಗಿಸುತ್ತಾ ಹೋಗುತ್ತದೆ.

ಕ್ಲೇರ್ ಆರ್ಡರ್ನ್ ಮತ್ತು ಸಂಗಡಿಗರು 2014ರಲ್ಲಿ ಏಳು ಸಾವಿರಕ್ಕೂ ಹೆಚ್ಚು ಎಸಿಎಲ್ ರೋಗಿಗಳ ಮಾಹಿತಿ ಒಟ್ಟುಹಾಕಿದರು. ಶೇ. 81ರಷ್ಟು ಮಂದಿ ಯಾವುದೋ ಒಂದು ಆಟಕ್ಕೆ ಮರಳಿದ್ದರು, ಆದರೆ ಹಿಂದಿನ ಮಟ್ಟಕ್ಕೆ ಮುಟ್ಟಿದವರು ಶೇ. 65, ಸ್ಪರ್ಧಾತ್ಮಕ ಆಟಕ್ಕೆ ಮರಳಿದವರು ಶೇ. 55 ಮಾತ್ರ. ಹಿಂದೆ ಉಳಿದವರಲ್ಲಿ ಮತ್ತೆ ಮತ್ತೆ ಕಾಣಿಸಿದ ಕಾರಣಗಳಲ್ಲಿ ಮರುಗಾಯದ ಭಯವೂ ಒಂದು.

ಇಂಥ ಹುಡುಗನಿಗೆ ಮನೆಯವರು, ‘ಹೆದರಬ್ಯಾಡಪ್ಪ, ಮನ್ಸು ಗಟ್ಟಿ ಇಟ್ಕೋ, ಎಲ್ಲಾ ಸರಿಹೋಗ್ತೈತಿ’ ಎನ್ನುತ್ತಾರೆ. ಪ್ರೀತಿಯ ಮಾತು, ಸಾಲದ ಮಾತು. ಲಿಗಮೆಂಟ್ ಬಲಿಯಲು ಬೇಕಾದ ತಿಂಗಳುಗಳನ್ನು ಧೈರ್ಯ ಕಡಿಮೆ ಮಾಡಲಾರದು. ನಾರ್ವೆಯ ಗ್ರಿಂಡೆಮ್ ತಂಡ 2016ರಲ್ಲಿ ತೋರಿಸಿದಂತೆ, ಆಪರೇಷನ್ ಆದ ಮೇಲೆ 9 ತಿಂಗಳವರೆಗೆ ಆಟವನ್ನು ಮುಂದೂಡಿದ ಪ್ರತಿ ತಿಂಗಳೂ ಮರುಗಾಯದ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಭಯವನ್ನು ಕರಗಿಸುವುದು ಉಪದೇಶವಲ್ಲ, ಅಳೆದು ಕೊಟ್ಟ ಅಭ್ಯಾಸ. ಮೊದಲು ಎರಡು ಕಾಲಲ್ಲಿ ಜಿಗಿತ, ಆಮೇಲೆ ಒಂಟಿಕಾಲಲ್ಲಿ, ಆಮೇಲೆ ತಿರುವು, ಕೊನೆಗೆ ಎದುರಾಳಿಯ ಹಿಡಿತ. ಪ್ರತಿ ಮೆಟ್ಟಿಲಿನಲ್ಲೂ ಮಿದುಳಿಗೆ ಏನೂ ಆಗಲಿಲ್ಲ ಎಂಬ ಸಾಕ್ಷಿ ಸಿಗಬೇಕು.

ಮನಸ್ಸಿನಲ್ಲೇ ಮಾಡುವ ಅಭ್ಯಾಸಕ್ಕೂ ಬೆಲೆಯಿದೆ. ಇದಂತೂ ಈ ಇಡೀ ವಿಷಯದ ಅತ್ಯಂತ ಸೊಗಸಾದ ಭಾಗ! ಅಮೆರಿಕದ ಓಹಾಯೊ ವಿಶ್ವವಿದ್ಯಾಲಯದ ಬ್ರಯನ್ ಕ್ಲಾರ್ಕ್ ತಂಡ ಆರೋಗ್ಯವಂತರ ಮಣಿಕಟ್ಟಿಗೆ ನಾಲ್ಕು ವಾರ ಪ್ಲಾಸ್ಟರ್ ಹಾಕಿಸಿತು. ಸುಮ್ಮನಿದ್ದವರ ಬಲ ಸುಮಾರು ಶೇ. 45ರಷ್ಟು ಕುಗ್ಗಿತು. ವಾರಕ್ಕೆ ಐದು ದಿನ ಮಣಿಕಟ್ಟನ್ನು ಬಲವಾಗಿ ಬಿಗಿಯುವಂತೆ ಕಲ್ಪಿಸಿಕೊಂಡವರಲ್ಲಿ ಕುಗ್ಗಿದ್ದು ಶೇ. 24ರಷ್ಟು. ಬಲವೆಂದರೆ ಬರೀ ಮಾಂಸಖಂಡವಲ್ಲ, ಅದಕ್ಕೆ ಆಜ್ಞೆ ಕಳಿಸುವ ನರಮಂಡಲವೂ ಹೌದು. ಕಲ್ಪನೆಯ ಅಭ್ಯಾಸ ಆ ದಾರಿಯನ್ನು ತೆರೆದಿಡುತ್ತದೆ.

ಲೋಕದ ಶ್ರೇಷ್ಠರೂ ಮಿದುಳಿನ ಈ ಕಾವಲಿನಿಂದ ಹೊರತಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನೀರಜ್ ತೊಡೆಸಂದಿನ ನೋವಿದ್ದೂ 89.45 ಮೀಟರ್ ಎಸೆದು ಬೆಳ್ಳಿ ಗೆದ್ದರು. ಎಸೆಯುವಾಗ ತಮ್ಮ ಗಮನದ ಅರ್ಧಕ್ಕಿಂತ ಹೆಚ್ಚು ಪಾಲು ಗಾಯದ ಮೇಲೇ ಇರುತ್ತದೆ ಎಂದು ಆಮೇಲೆ ಅವರೇ ಒಪ್ಪಿಕೊಂಡರು. ಅದನ್ನು ಬಾಯಿಬಿಟ್ಟು ಹೇಳಿದ್ದು ದೌರ್ಬಲ್ಯವಲ್ಲ, ಮುಂದಿನ ಚಿಕಿತ್ಸೆಗೆ ಬೇಕಾದ ಮಾಹಿತಿ. ಮರುತಿಂಗಳು ಬ್ರಸೆಲ್ಸ್‌ನ ಸ್ಪರ್ಧೆಯಲ್ಲಿ ಎಡಗೈ ಮೂಳೆ ಮುರಿದಿದ್ದರೂ ಎಸೆದು, ಒಂದೇ ಸೆಂಟಿಮೀಟರಿನಲ್ಲಿ ಎರಡನೆಯವರಾದರು. ದೂರ ಮತ್ತೆ ಅದೇ 87.86 ಮೀಟರ್!

ನೀರಜ್‌ಗೆ ಫಿಸಿಯೋ, ತರಬೇತುದಾರ, ಸುಸಜ್ಜಿತ ಕೇಂದ್ರ ಎಲ್ಲವೂ ಇದ್ದವು. ಕುರುಗೋಡಿನ ಹುಡುಗನ ಬಳಿ ಇರುವವರು ಶಾಲೆಯ ದೈಹಿಕ ಶಿಕ್ಷಕರು. ಅವರೂ ಒಂದು ಕೆಲಸ ಮಾಡಬಹುದು: ಕೇಳಬಹುದು. ಎಸಿಎಲ್ ಗಾಯವಾದವರ ಆತ್ಮವಿಶ್ವಾಸ ಅಳೆಯಲು ಆಸ್ಟ್ರೇಲಿಯಾದ ವೆಬ್‌ಸ್ಟರ್ ಮತ್ತು ಸಂಗಡಿಗರು 2008ರಲ್ಲಿ 12 ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಅಂಥ ಪ್ರಶ್ನೆಗಳನ್ನು ನಮ್ಮ ಸೀಮೆಯ ಮಾತಿನಲ್ಲಿ, ಕಬಡ್ಡಿ, ಕುಸ್ತಿ, ಕೊಕ್ಕೊ ಆಡುವವರಿಗೆ ಒಪ್ಪುವಂತೆ ರೂಪಿಸಬೇಕು. ಆಪರೇಷನ್ ಮಾಡಿಸಲಾಗದೆ ಆಟವನ್ನೇ ಬಿಟ್ಟವರನ್ನೂ ಹುಡುಕಿ ಕೇಳಬೇಕು. ಬಳ್ಳಾರಿಯ ವೈದ್ಯಕೀಯ, ಫಿಸಿಯೋಥೆರಪಿ, ಮನಃಶಾಸ್ತ್ರದ ವಿದ್ಯಾರ್ಥಿಗಳು ದಯವಿಟ್ಟು ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕು. ಯಾವ ವಯಸ್ಸಿನಲ್ಲಿ, ಯಾವ ಅಂಕಣದಲ್ಲಿ, ಗಾಯವಾದ ಎಷ್ಟನೇ ತಿಂಗಳಿಗೆ ಮತ್ತೆ ಆಡಿದರು, ಆಡದಿದ್ದರೆ ಅವರನ್ನು ತಡೆದದ್ದು ನೋವೋ, ಭಯವೋ, ದುಡ್ಡೋ ಎಂಬಷ್ಟನ್ನು ಬರೆದಿಡುತ್ತಾ ಬಂದರೂ ಅಧ್ಯಯನ ಅಲ್ಲಿಂದಲೇ ಶುರುವಾಗುತ್ತದೆ.