‘ಎಸ್ಪೆರಾರ್’: ಕಾಯುವುದೋ, ಆಶಿಸುವುದೋ?

ಸ್ಪ್ಯಾನಿಷ್ ಕಲಿಯತೊಡಗಿದವರನ್ನು ಮೊದಲ ಪಾಠಗಳಲ್ಲೇ ತಡೆದು ನಿಲ್ಲಿಸುವ ಕ್ರಿಯಾಪದವೊಂದುಂಟು: ‘ಎಸ್ಪೆರಾರ್’. ನಿಘಂಟು ಅದಕ್ಕೆ ಕಾಯು, ಆಶಿಸು, ನಿರೀಕ್ಷಿಸು ಎಂದು ಮೂರು ಅರ್ಥಗಳನ್ನು ಕೊಡುತ್ತದೆ. ಮೂರನ್ನೂ ಉರುಹಚ್ಚಿದರೆ ಸಾಲದು; ಪದದ ನೆರೆಹೊರೆಯನ್ನು ನೋಡಬೇಕು.

‘ಎಸ್ಪೆರೊ ಕೆ ಬೆಂಗಾ’ ಎಂದರೆ, ಅವನು ಬರಲೆಂದು ಆಶಿಸುತ್ತೇನೆ. ನಡುವೆ ‘ಆ’ ಎಂಬ ಒಂದೇ ಅಕ್ಷರ ಸೇರಿಸಿ ‘ಎಸ್ಪೆರೊ ಆ ಕೆ ಬೆಂಗಾ’ ಎಂದರೆ, ಅವನು ಬರುವವರೆಗೆ ಕಾಯುತ್ತೇನೆ. ನಮಗಿದು ತೀರ ಹೊಸದಲ್ಲ. ಹೊಲವನ್ನು ಕಾಯುತ್ತೇವೆ, ಬಸ್ಸಿಗೆ ಕಾಯುತ್ತೇವೆ. ದ್ವಿತೀಯೆ ಹೋಗಿ ಚತುರ್ಥಿ ಬಂದೊಡನೆ ಕಾವಲುಗಾರ ಪ್ರಯಾಣಿಕನಾಗುತ್ತಾನೆ! ವಿಭಕ್ತಿಯನ್ನು ಒಣಪಾಠವೆನ್ನುವ ಹುಡುಗರು ಇದನ್ನು ಗಮನಿಸಲಿ.

ಮೂಲವಾದ ಲ್ಯಾಟಿನ್ ‘ಸ್ಪೇರಾರೆ’ಗೆ ಆಶಿಸುವುದೆಂದು ಅರ್ಥ, ಇಟಾಲಿಯನ್ನಿನಲ್ಲಿ ಅದು ಹಾಗೆಯೇ ಉಳಿಯಿತು. ಸ್ಪ್ಯಾನಿಷ್ ಆಶೆಯ ಮನೆಯೊಳಕ್ಕೆ ಕಾಯುವಿಕೆಯನ್ನೂ ಕರೆದುಕೊಂಡಿತು. ಆಶೆ ‘ಎಸ್ಪೆರಾನ್ಸಾ’, ರೈಲು ನಿಲ್ದಾಣದ ವೆಯಿಟಿಂಗ್ ರೂಮು ‘ಸಾಲಾ ದೆ ಎಸ್ಪೆರಾ’, ಗರ್ಭಿಣಿಯ ವಿಷಯದಲ್ಲಿ, ಅವಳು ಮಗುವನ್ನು ‘ಎಸ್ಪೆರಾರ್’ ಮಾಡುತ್ತಿದ್ದಾಳೆ ಎನ್ನುತ್ತಾರೆ. ಇಲ್ಲಿ ಮೂರು ಅರ್ಥಗಳನ್ನು ಬಿಡಿಸುವುದಾದರೂ ಹೇಗೆ?

ಅನುವಾದಕನಿಗೆ ಇದೇ ತೊಡಕು. ಕೊಲಂಬಿಯದ ಗಾಬ್ರಿಯೆಲ್ ಗಾರ್ಸಿಯಾ ಮಾರ್ಕೆಸರದೊಂದು ಕಿರುಕಾದಂಬರಿಯುಂಟು. 1961ರಲ್ಲಿ ಪುಸ್ತಕವಾಗಿ ಬಂತು. ಕರ್ನಲನಿಗೆ ಪತ್ರ ಬರೆಯುವವರು ಯಾರೂ ಇಲ್ಲ ಎಂದೇ ಅದರ ಹೆಸರು. ಆ ವೃದ್ಧ ಯೋಧ ಪಿಂಚಣಿಯ ಪತ್ರಕ್ಕಾಗಿ ಪ್ರತಿ ಶುಕ್ರವಾರ ಟಪಾಲು ದೋಣಿಯ ಬಳಿಗೆ ಹೋಗುತ್ತಾನೆ, ಪತ್ರ ಬರುವುದಿಲ್ಲ. ಅವನ ‘ಎಸ್ಪೆರಾರ್’ ಅನ್ನು ‘ಕಾದನು’ ಎಂದರೆ ಆಶೆ ಜಾರಿಹೋಗುತ್ತದೆ; ‘ಆಶಿಸಿದನು’ ಎಂದರೆ ನಿಂತ ಕಾಲುಗಳ ನೋವು ಕಾಣದು. ‘ಎದುರುನೋಡಿದನು’ ಎಂಬುದು ಸಮೀಪ ಬರುತ್ತದೆ. ನಾನಾದರೆ ಅದನ್ನೇ ಬರೆದೇನು.