ಕೆಂಪು ರಾಟವಾಳ

ಗದ್ದೆಯ ಬದುಗಳಲ್ಲಿಯೂ ಕೆರೆಯಂಚಿನ ಜೊಂಡಿನಲ್ಲಿಯೂ ಹುಲ್ಲಿನ ಕಾಳನ್ನು ಹೆಕ್ಕುವ ರಾಟವಾಳಗಳನ್ನು ಆಲೂರು ಸಕಲೇಶಪುರಗಳ ಸೀಮೆಯ ಗೃಹಸ್ಥರು ಕಂಡೇ ಇರುವರು. ಈ ಕುಲದಲ್ಲಿ ವರ್ಣದಿಂದ ಮಿಗಿಲಾದುದು ಕೆಂಪು ರಾಟವಾಳ. ಉದ್ದ ಸುಮಾರು 10 ಸೆಂಟಿಮೀಟರು ಮಾತ್ರ. ಮಳೆಗಾಲ ಬಂದಿತೆಂದರೆ ಗಂಡು ಕುಂಕುಮವರ್ಣವನ್ನು ತಾಳಿ, ಮೈಮೇಲೆ ಅಕ್ಷತೆ ಚೆಲ್ಲಿದಂತೆ ಬಿಳಿಯ ಚುಕ್ಕೆಗಳಿಂದ ಶೋಭಿಸುವುದು. ಸಂತಾನಕಾರ್ಯ ಮುಗಿದ ಬಳಿಕ ಹೆಣ್ಣಿನಂತೆಯೇ ಕಂದುಬಣ್ಣಕ್ಕೆ ತಿರುಗುವುದು.

ಇದರ ದಾಯಾದಿಯೊಂದು ಸಹರಾ ಮರುಭೂಮಿಯ ದಕ್ಷಿಣಕ್ಕೆ, ಆಫ್ರಿಕದ ಹುಲ್ಲುಗಾವಲುಗಳಲ್ಲಿ ಇರುವುದು. ಅದರ ಒಡಲು ಕಿತ್ತಿಳೆ ಹಳದಿ. ನಮ್ಮದು ಹುಲ್ಲಿನಿಂದ ಚೆಂಡಿನಂತಹ ಗೂಡನ್ನು ತಾನೇ ಹೆಣೆಯುವುದು. ಅದಾದರೋ ಬಹುಮಟ್ಟಿಗೆ ಗೀಜಗನ ಜಾತಿಯ ಹಕ್ಕಿಗಳು ಬಿಟ್ಟುಹೋದ ಗೂಡಿನಲ್ಲಿಯೇ ಸಂಸಾರ ಹೂಡುವುದು. ಪರಗೃಹವಾಸವನ್ನು ನಾವು ಹೊಗಳಲಾರೆವು. ಮಿತವ್ಯಯವನ್ನು ಬಲ್ಲ ಗೃಹಿಣಿಯರು ಒಪ್ಪಿಯಾರು.

ಎರಡಕ್ಕೂ ಚೆಲುವೇ ಶತ್ರುವಾಯಿತು. ಹಿಂದೆ ನಮ್ಮ ಹಕ್ಕಿಯು ಅಹಮದಾಬಾದಿನಿಂದ ಯೂರೋಪಿನ ಪಂಜರಗಳಿಗೆ ಹೋಗುತ್ತಿತ್ತು. ಆ ಊರಿನ ಹೆಸರೇ ಅಪಭ್ರಂಶಗೊಂಡು ಶಾಸ್ತ್ರಜ್ಞರ ‘ಅಮಂದವ’ವಾಯಿತು. ಪಂಜರದಲ್ಲಿ ಆಹಾರವು ತಕ್ಕುದಲ್ಲದಿದ್ದರೆ ಆ ಕೆಂಪು ಮಾಸಿ ಕಪ್ಪಾಗುವುದೂ ಉಂಟು. ಏತಕ್ಕಾಗಿ ಹಿಡಿದರೋ ಅದೇ ಹೋಯಿತು! 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಿ ಬಂದ ತಿದ್ದುಪಡಿಯು ನಮ್ಮ ನಾಡಿನ ಕಾಡುಹಕ್ಕಿಗಳ ವ್ಯಾಪಾರವನ್ನು ನಿಷೇಧಿಸಿತು. ಆದರೂ ಗುಟ್ಟಿನ ಮಾರಾಟ ನಿಂತಿಲ್ಲ. ಸಾದಾ ರಾಟವಾಳಗಳಿಗೆ ಹಸುರು ಬಣ್ಣ ಬಳಿದು ಮಾರುವವರೂ ಇರುವರು. ಮಕ್ಕಳು ಹಟ ಹಿಡಿದರೂ ವಾಚಕರು ಕೊಳ್ಳತಕ್ಕುದಲ್ಲ. ಮಳೆಗಾಲದಲ್ಲಿ ಬದುವಿನ ಒಂದು ಮೂಲೆಯ ಹುಲ್ಲನ್ನು ಕೊಯ್ಯದೆ ಉಳಿಸಿದರೆ, ಹಕ್ಕಿಯು ಅಲ್ಲಿಯೇ ಗೂಡು ಕಟ್ಟಲೂಬಹುದು.