ರೇಷ್ಮೆ ಬಿತ್ತನೆಯ ನಿರೀಕ್ಷಕರ ಸಂಬಳವೂ ಕೆಲಸದ ಸ್ಥಿತಿಯೂ

ಮಾಗಡಿ ಮತ್ತು ಕುಣಿಗಲ್ ಸೀಮೆಗಳು ಮೈಸೂರು ತಳಿಯ ಬಿತ್ತನೆ ಗೂಡಿಗೆ ಬಹುಕಾಲದಿಂದ ಹೆಸರಾಗಿರುವುವು. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ನೆಲಮಂಗಲಕ್ಕೂ ಕುಣಿಗಲಿಗೂ ನಡುವೆ ಇರುವ ಸೋಲೂರು ಈ ಸೀಮೆಗೆ ಸೇರಿದ ಊರು. ಈ ಭಾಗದ ಒಳ್ಳೆಯ ಗೂಡು ನೂಲು ಬಿಚ್ಚುವುದಕ್ಕೆ ಹೋಗತಕ್ಕದ್ದಲ್ಲ. ಅದು ಬಿತ್ತನೆ ಕೋಠಿಗೆ ಹೋಗಿ, ಅದರಿಂದ ಹೊರಬಂದ ಹೆಣ್ಣು ಚಿಟ್ಟೆಗೆ ದ್ವಿತಳಿಯ ಗಂಡು ಚಿಟ್ಟೆಯನ್ನು ಕೂಡಿಸಿ ಮಿಶ್ರತಳಿಯ ಮೊಟ್ಟೆಯನ್ನು ಪಡೆಯುತ್ತಾರೆ. ರಾಮನಗರ, ಚನ್ನಪಟ್ಟಣ, ಕನಕಪುರಗಳ ಹುಳುಮನೆಗಳಲ್ಲಿ ಮೇಯುವ ಹುಳುವಿನ ಆರೋಗ್ಯವು ಹೀಗೆ ಈ ಸೀಮೆಯ ತಾಯಿಚಿಟ್ಟೆಯನ್ನು ಅವಲಂಬಿಸಿರುವುದು. ಆ ಚಿಟ್ಟೆಯನ್ನು ಪರೀಕ್ಷಿಸಿ ಮೊಟ್ಟೆಯನ್ನು ಒಪ್ಪುವ ಅಥವಾ ಸುಡಿಸುವ ಅಧಿಕಾರವು ಸರ್ಕಾರದ ಸಂಬಳ ಪಡೆಯುವ ನಿರೀಕ್ಷಕರ ಕೈಯಲ್ಲಿದೆ. ಆದಕಾರಣ ಅವರ ಸಂಬಳ ಮತ್ತು ಕೆಲಸದ ಸ್ಥಿತಿಯು ಕಚೇರಿಗೆ ಮಾತ್ರ ಸಂಬಂಧಪಟ್ಟ ವಿಷಯವೆಂದು ಜಮೀನುದಾರರು ಭಾವಿಸಬಾರದು.

ಹುಳುವಿಗೆ ಬರುವ ಜಾಡ್ಯಗಳಲ್ಲಿ ಗಂಟು ರೋಗವು ಬಹಳ ಕ್ರೂರವಾದುದು. ಹಾಲು ರೋಗ, ಸಪ್ಪೆ ರೋಗಗಳು ಬೆಳೆಯ ನಡುವೆ ತಲೆದೋರುವುವು. ಗಂಟು ರೋಗವಾದರೋ ತಾಯಿಯ ಹೊಟ್ಟೆಯಿಂದಲೇ ಮೊಟ್ಟೆಗೆ ಇಳಿಯುವುದು. ಒಂದು ತಾಯಿಚಿಟ್ಟೆಯು ಸುಮಾರು 400 ಮೊಟ್ಟೆಗಳನ್ನಿಡುವುದು. ಜಾಡ್ಯವಿರುವ ಒಂದು ಚಿಟ್ಟೆ ಪರೀಕ್ಷೆಯಲ್ಲಿ ತಪ್ಪಿಹೋದರೆ, ಅದರ ಮರಿಗಳ ಹಿಕ್ಕೆಯಿಂದ ಸೊಪ್ಪು ಕೆಟ್ಟು, ಅದೇ ತಟ್ಟೆಯಲ್ಲಿ ಮೇಯುವ ಆರೋಗ್ಯವಂತ ಹುಳುವಿಗೂ ಜಾಡ್ಯವು ಹತ್ತುವುದು. 1865ರಿಂದ 1870ರವರೆಗೆ ಫ್ರಾನ್ಸ್ ದೇಶದಲ್ಲಿ ಲೂಯಿ ಪಾಶ್ಚರ್ ಎಂಬ ಮಹಾವಿಜ್ಞಾನಿಯು ಇದನ್ನು ಶೋಧಿಸಿ, ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕ ಯಂತ್ರದಲ್ಲಿ ನೋಡುವ ಕ್ರಮವನ್ನು ಸ್ಥಾಪಿಸಿದನು. ಇಂದಿಗೂ ಆಧಾರವಾಗಿರುವುದು ಅದೇ ಕ್ರಮ. 1910ರ ದಶಕದಲ್ಲಿ ಮೈಸೂರು ಸರ್ಕಾರದವರು ಇಟಲಿಯ ತಜ್ಞರಾದ ವಾಷಿಂಗ್ಟನ್ ಮಾರಿ ಎಂಬವರನ್ನು ಕರೆಸಿಕೊಂಡರು. ಚನ್ನಪಟ್ಟಣದಲ್ಲಿ ರೇಷ್ಮೆ ಕ್ಷೇತ್ರವು ಏರ್ಪಟ್ಟಿತು. 1959ರ ಶಾಸನದ ಮೂಲಕ ಬಿತ್ತನೆಯ ತಯಾರಿಕೆಯು ಪರವಾನಗಿಗೆ ಒಳಪಟ್ಟಿತು.

ಈ ಕೆಲಸವು ಗಡಿಯಾರವನ್ನು ನೋಡಿ ನಡೆಯತಕ್ಕದ್ದಲ್ಲ. ಚಿಟ್ಟೆಯು ಬೆಳಗಿನ ಜಾವದಲ್ಲಿ ಗೂಡನ್ನು ಒಡೆದು ಹೊರಬರುವುದು. ಅದಕ್ಕೆ ಭಾನುವಾರವಿಲ್ಲ, ಹಬ್ಬವಿಲ್ಲ. ಮೂರು ನಾಲ್ಕು ಗಂಟೆಗಳ ಕಾಲ ಕೂಡಿಸಿ, ಬಿಡಿಸಿ, ಕತ್ತಲೆಯಲ್ಲಿ ಮೊಟ್ಟೆಯಿಡಲು ಬಿಡಬೇಕು. ಬಳಿಕ ಚಿಟ್ಟೆಗಳನ್ನು ಅರೆದು, ಒಂದೊಂದು ತೊಟ್ಟನ್ನು ಸುಮಾರು 600 ಪಟ್ಟು ಹಿಗ್ಗಿಸಿ ತೋರಿಸುವ ಯಂತ್ರದಲ್ಲಿ ನೋಡಬೇಕು. ಮೂಲ ಬಿತ್ತನೆಯಾದರೆ ಪ್ರತಿಯೊಂದು ತಾಯಿಚಿಟ್ಟೆಯನ್ನೂ ನೋಡತಕ್ಕದ್ದು. ಮಿಶ್ರತಳಿಯ ಮೊಟ್ಟೆಯು ಸುಮಾರು ಹತ್ತು ದಿನಗಳಲ್ಲಿ ಒಡೆಯುವುದರಿಂದ ಪರೀಕ್ಷೆಯು ಅದರೊಳಗೆ ಮುಗಿಯಲೇಬೇಕು. ತಂಪುಮನೆಯಲ್ಲಿಟ್ಟು ಕೆಲವು ದಿನ ತಡೆಯಬಹುದೇ ಹೊರತು ಹೆಚ್ಚು ಕಾಲ ಸಾಧ್ಯವಿಲ್ಲ. ಒಬ್ಬರ ಸ್ಥಳವು ಖಾಲಿಯಿದ್ದರೆ ಅವರ ಪಾಲಿನ ಚಿಟ್ಟೆಯು ಉಳಿದವರ ಕಣ್ಣಿನ ಮೇಲೆ ಬೀಳುವುದು. ದಣಿದ ಕಣ್ಣು ಜಾಡ್ಯದ ಬೀಜವನ್ನು ಕಾಣದೆ ಬಿಡುವ ಸಂಭವವು ಹೆಚ್ಚು. ಇದಲ್ಲದೆ ಚಿಟ್ಟೆಯ ರೆಕ್ಕೆಯ ಪುಡಿಯಿಂದ ಉಬ್ಬಸವೂ, ಮನೆಯನ್ನು ಶುದ್ಧಿಮಾಡುವ ಫಾರ್ಮಲಿನ್ ಹಾಗೂ ಬ್ಲೀಚಿಂಗ್ ಪುಡಿಗಳಿಂದ ಕಣ್ಣುರಿ ಕೆಮ್ಮುಗಳೂ ಉಂಟಾಗುವುವು. ಮೂಗಿಗೆ ಮುಸುಕು, ಒಳ್ಳೆಯ ಗಾಳಿ, ಸಾಕಷ್ಟು ಬೆಳಕು, ನಡುನಡುವೆ ಕಣ್ಣಿಗೆ ವಿಶ್ರಾಂತಿ, ಇವು ಭೋಗವಸ್ತುಗಳಲ್ಲ. ಪರೀಕ್ಷೆಯ ಸಲಕರಣೆಗಳೆಂದೇ ತಿಳಿಯಬೇಕು.

ಇನ್ನು ಸಂಬಳದ ವಿಷಯ. ಸರ್ಕಾರದ ನಿರೀಕ್ಷಕರಿಗೆ ತಿಂಗಳ ಸಂಬಳವು ಗೊತ್ತಾಗಿರುವುದು. ಒಪ್ಪಿದ ಮೊಟ್ಟೆಯ ಲೆಕ್ಕದ ಮೇಲೆ ಅದು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಮೊಟ್ಟೆಯನ್ನು ಮಾರಿ ಜೀವಿಸುವವನಿಗೆ ಒಂದು ತಂಡವನ್ನು ಸುಡುವುದು ಕೈಯಿಂದ ನಷ್ಟ. ನಿರೀಕ್ಷಕನಿಗೆ ಹಾಗಿಲ್ಲ; ಸುಡಿಸಿದರೂ ಒಪ್ಪಿದರೂ ಅವನ ಸಂಬಳವು ಒಂದೇ. ಬೆಳೆಗಾರನಿಗೆ ನಿಜವಾದ ರಕ್ಷಣೆಯು ಇದರಲ್ಲಿಯೇ ಇರುವುದು.

ಕರ್ನಾಟಕದ ಏಳನೆಯ ವೇತನ ಆಯೋಗದ ಶಿಫಾರಸಿನಂತೆ 1-8-2024ರಿಂದ ಸರ್ಕಾರಿ ನೌಕರರ ಕನಿಷ್ಠ ಮೂಲವೇತನವು 17,000 ರೂಪಾಯಿಗಳಿಂದ 27,000 ರೂಪಾಯಿಗಳಿಗೆ ಏರಿತು. ಮನೆ ಬಾಡಿಗೆ ಭತ್ಯವು ಊರಿನ ದರ್ಜೆಯನ್ನು ಅನುಸರಿಸಿ ಮೂಲವೇತನದ ಮೇಲೆ ಶೇಕಡ 20, 15 ಮತ್ತು 7.5 ಎಂದು ಗೊತ್ತಾಯಿತು. ಬೆಂಗಳೂರು ಮೊದಲನೆಯ ದರ್ಜೆಗೂ, ಸೋಲೂರಿನಂಥ ಗ್ರಾಮಗಳು ಕೊನೆಯ ದರ್ಜೆಗೂ ಸೇರುವುವು. ದೃಷ್ಟಾಂತಕ್ಕಾಗಿ 50,000 ರೂಪಾಯಿ ಮೂಲವೇತನವುಳ್ಳ ಒಬ್ಬ ನೌಕರನನ್ನು ತೆಗೆದುಕೊಳ್ಳೋಣ. ಬೆಂಗಳೂರಿನಲ್ಲಿದ್ದರೆ ಅವನಿಗೆ ತಿಂಗಳಿಗೆ 10,000 ರೂಪಾಯಿ ಬಾಡಿಗೆ ಭತ್ಯವಾಗುವುದು, ಸೋಲೂರಿನಲ್ಲಿ 3,750. ವ್ಯತ್ಯಾಸವು ತಿಂಗಳಿಗೆ 6,250 ರೂಪಾಯಿ, ವರ್ಷಕ್ಕೆ 75,000 ರೂಪಾಯಿ. ಗ್ರಾಮದಲ್ಲಿ ಬಾಡಿಗೆಯು ಕಡಮೆಯೆಂಬುದು ನಿಜವೇ. ಆದರೆ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಸಂಸಾರವನ್ನು ಪಟ್ಟಣದಲ್ಲಿಟ್ಟ ನೌಕರನು ಪಟ್ಟಣದ ಬಾಡಿಗೆಯನ್ನೇ ತೆತ್ತು, ಗ್ರಾಮದ ಭತ್ಯವನ್ನು ಮಾತ್ರ ಪಡೆಯುವನು. ಬಸ್ಸಿನ ಖರ್ಚು ಬೇರೆ. ಬೆಳಗಿನ ಜಾವದಲ್ಲಿ ಹುಳುಮನೆಗೋ ಕೋಠಿಗೋ ಬರಬೇಕಾದ ಅವನು ಬಸ್ಸನ್ನು ಕಾಯುತ್ತಿರುವನು. ಅವನು ಬೇಗ ವರ್ಗಾವಣೆಯನ್ನು ಬಯಸಿದರೆ ಆಶ್ಚರ್ಯವೇನು? ಯಾವ ಮನೆಯಲ್ಲಿ ಹಿಂದಿನ ಬೆಳೆಗೆ ಜಾಡ್ಯ ಬಂದಿತ್ತು, ಯಾವ ತೋಟದ ಸೊಪ್ಪು ಎಂಥದು ಎಂಬ ತಿಳಿವಳಿಕೆಯು ಅವನೊಂದಿಗೆ ಹೊರಟುಹೋಗುವುದು.

ಸಂಬಳವನ್ನು ಗೊತ್ತುಮಾಡುವುದು ಗ್ರಾಮಸ್ಥರ ಕೈಯಲ್ಲಿಲ್ಲ. ಆದರೂ ಊರಿನ ಮುಖಂಡರೂ ಜಮೀನುದಾರರೂ ಮಾಡಬಹುದಾದ ಕಾರ್ಯಗಳು ಕೆಲವುಂಟು:

1. ನಿರೀಕ್ಷಕರಿಗೆ ಊರಿನಲ್ಲಿಯೇ, ಅವರ ಭತ್ಯಕ್ಕೆ ನಿಲುಕುವ ನ್ಯಾಯವಾದ ಬಾಡಿಗೆಗೆ, ನೀರು ಬೆಳಕುಗಳ ಅನುಕೂಲವುಳ್ಳ ಮನೆಯನ್ನು ಒದಗಿಸುವುದು.

2. ನೆರೆಹೊರೆಯ ಬೆಳೆಗಾರರು ಒಂದೇ ಕಾಲದಲ್ಲಿ ಚಾಕಿ ಕಟ್ಟಿ, ಆ ದಿನವನ್ನು ಮುಂಚಿತವಾಗಿ ತಿಳಿಸುವುದು. ಹೀಗೆ ಮಾಡಿದರೆ ಒಂದೇ ಸುತ್ತಿನಲ್ಲಿ ಹತ್ತು ಮನೆಗಳ ಹುಳುವನ್ನು ನೋಡಲು ಅವರಿಗೆ ಸಾಧ್ಯವಾಗುವುದು.

3. ಜ್ವರಕ್ಕೆ ಏಳದೆ ಹಿಂದುಳಿದ ಹುಳುವನ್ನು ಬಚ್ಚಿಡದೆ ತೋರಿಸುವುದು. ಗೂಡನ್ನು ಬಿತ್ತನೆಗೆ ತಕ್ಕುದಲ್ಲವೆಂದಾಗ ಶಿಫಾರಸನ್ನಾಗಲಿ ಕಾಣಿಕೆಯನ್ನಾಗಲಿ ತಾರದಿರುವುದು. ಒಬ್ಬನ ದಾಕ್ಷಿಣ್ಯಕ್ಕೆ ಒಪ್ಪಿದ ಗೂಡು ನೂರು ಮನೆಗಳ ಬೆಳೆಯನ್ನು ಕೆಡಿಸಬಲ್ಲುದು.

4. ನಿರೀಕ್ಷಕರ ಸ್ಥಳವು ಖಾಲಿಬಿದ್ದರೆ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ, ಎಷ್ಟು ಮಂದಿ ಬೆಳೆಗಾರರಿಗೆ ತೊಂದರೆಯಾಗಿದೆಯೆಂಬ ಲೆಕ್ಕದೊಡನೆ ರೇಷ್ಮೆ ಇಲಾಖೆಯ ಮೇಲಧಿಕಾರಿಗಳಿಗೆ ಬರೆದುಕೊಳ್ಳುವುದು. ಬಾಡಿಗೆ ಭತ್ಯದ ತೊಡಕನ್ನೂ ಅದರಲ್ಲಿಯೇ ಕಾಣಿಸಬಹುದು.

ಹಿಪ್ಪುನೇರಳೆಗೆ ಗೊಬ್ಬರವನ್ನೂ ಹುಳುಮನೆಗೆ ಸುಣ್ಣವನ್ನೂ ಹಾಕುವ ರೈತನು ಆ ಖರ್ಚನ್ನು ವ್ಯರ್ಥವೆಂದು ಎಣಿಸುವುದಿಲ್ಲ. ಮೊಟ್ಟೆಯನ್ನು ಪರೀಕ್ಷಿಸುವ ಕಣ್ಣಿಗೆ ಸರ್ಕಾರವು ಕೊಡುವ ಸಂಬಳವನ್ನೂ, ಊರು ಕೊಡುವ ಅನುಕೂಲವನ್ನೂ ಅದೇ ಲೆಕ್ಕಕ್ಕೆ ಸೇರಿಸತಕ್ಕದ್ದು.